ನಾಲ್ಕು ಬೈಟುಗಳ ತಕರಾರು

ಒಂದು ಫೈಲಿನಲ್ಲಿ ನಾಲ್ಕೇ ನಾಲ್ಕು ಬೈಟುಗಳಿವೆ: 0, 0, 128, 63. ಮನೆಯಲ್ಲೋ ಆಫೀಸಿನಲ್ಲೋ ಇರುವ ಸಾಮಾನ್ಯ ಇಂಟೆಲ್ ಕಂಪ್ಯೂಟರಿನಲ್ಲಿ, ಸಿ ಭಾಷೆಯ ಪುಟ್ಟ ಪ್ರೋಗ್ರಾಂ ಬರೆದು ಇವನ್ನು ‘ಫ್ಲೋಟ್’, ಅಂದರೆ ದಶಾಂಶ ಸಂಖ್ಯೆ ಎಂದು ಓದಿಸಿದರೆ ಪರದೆಯ ಮೇಲೆ 1.0 ಮೂಡುತ್ತದೆ. ಪೂರ್ಣಾಂಕ ಎಂದು ಓದಿಸಿದರೆ 1065353216. ಬೈಟುಗಳನ್ನು ಎದುರು ದಿಕ್ಕಿನಿಂದ ಜೋಡಿಸಿಕೊಳ್ಳುವ ಯಂತ್ರಕ್ಕೆ ಅದೇ ಪೂರ್ಣಾಂಕ 32831. ಎರಡೆರಡು ಬೈಟಿನ ಅರೇ, ಅಂದರೆ ಒಂದೇ ಬಗೆಯ ಅಂಶಗಳ ಸಾಲು, ಎಂದುಕೊಂಡರೆ 0 ಮತ್ತು 16256. ಬರಹ ಎಂದು ಓದಹೊರಟರೆ ಏನೂ ಇಲ್ಲ, ಖಾಲಿ. ಸಿ ಭಾಷೆಯಲ್ಲಿ ಸೊನ್ನೆಯ ಬೈಟು ಬಂದಲ್ಲಿಗೆ ಬರಹ ಮುಗಿಯಿತು ಎಂಬ ನಿಯಮವಿದೆ, ಇಲ್ಲಿ ಮೊದಲನೆಯದೇ ಸೊನ್ನೆ. ಆ ನಿಯಮವನ್ನು ಬದಿಗಿಟ್ಟು ಕೊನೆಯ ಬೈಟನ್ನಷ್ಟೇ ಅಕ್ಷರವಾಗಿ ನೋಡಿದರೆ, ಆಸ್ಕಿ ಪಟ್ಟಿಯಲ್ಲಿ 63 ಎಂದರೆ ಪ್ರಶ್ನಾರ್ಥಕ ಚಿಹ್ನೆ!

ಯಾವ ಓದಿನಲ್ಲೂ ಯಂತ್ರ ತಡವರಿಸುವುದಿಲ್ಲ, ‘ಇದು ತಪ್ಪು’ ಎಂದು ಗೊಣಗುವುದೂ ಇಲ್ಲ. ಹಾಗಾದರೆ ಆ ಫೈಲಿನಲ್ಲಿ ನಿಜವಾಗಿ ಇರುವುದು ಏನು? ಅರ್ಥ ಬೈಟಿನೊಳಗಿದೆಯೇ, ಓದುವವನ ತಲೆಯಲ್ಲಿದೆಯೇ, ಅಥವಾ ಇಬ್ಬರಿಗೂ ಹೊರಗಿನ ಮೂರನೆಯ ಜಾಗದಲ್ಲೋ? ಪ್ರೋಗ್ರಾಮರುಗಳು ಇದನ್ನು ತಾಂತ್ರಿಕ ಕಿರಿಕಿರಿ ಎಂದು ಕರೆದು ಮುಂದೆ ಹೋಗುತ್ತಾರೆ. ಇದೇ ಪ್ರಶ್ನೆಯ ಮೇಲೆ ಭಾರತದ ದರ್ಶನಕಾರರು ಸಾವಿರಾರು ವರ್ಷ ಜಗಳವಾಡಿದ್ದಾರೆ.

ಮೊದಲು ಓದುವ ಕ್ರಮವನ್ನು ನೋಡಬೇಕು. ಸಿ ಭಾಷೆಯಲ್ಲಿ ಬೈನರಿ ಫೈಲ್ ತೆರೆಯಲು ಎಫ್‌ಓಪನ್, ಬೇಕಾದ ಜಾಗಕ್ಕೆ ಜಿಗಿಯಲು ಎಫ್‌ಸೀಕ್, ಬೈಟುಗಳನ್ನು ಎತ್ತಿ ಅರೇಗೆ ತುಂಬಲು ಎಫ್‌ರೀಡ್. ಎಫ್‌ರೀಡ್‌ಗೆ ನಾಲ್ಕು ಸಂಗತಿ ಹೇಳಬೇಕು: ಎಲ್ಲಿ ಇಡಬೇಕು, ಒಂದೊಂದು ಅಂಶ ಎಷ್ಟು ಬೈಟಿನದು, ಎಷ್ಟು ಅಂಶ ಬೇಕು, ಯಾವ ಫೈಲಿನಿಂದ. ಕೇಳಿದಷ್ಟು ಅಂಶಗಳಲ್ಲಿ ಎಷ್ಟು ಸಿಕ್ಕವು ಎಂಬ ಲೆಕ್ಕವನ್ನು ಅದು ತಿರುಗಿ ಒಪ್ಪಿಸುತ್ತದೆ. ಸಾವಿರ ಕೇಳಿದಾಗ ಒಂಬೈನೂರು ಬಂದರೆ ಬಾಯಿಬಿಟ್ಟು ಕೂಗದು, ಸಂಖ್ಯೆಯನ್ನಷ್ಟೇ ಹೇಳಿ ಸುಮ್ಮನಾಗುತ್ತದೆ. ಈ ನಾಲ್ಕರಲ್ಲಿ ‘ಇವು ಯಾವ ಬಗೆಯ ಸಂಖ್ಯೆಗಳು’ ಎಂಬ ಮಾತೇ ಇಲ್ಲ. ಬಗೆಯನ್ನು ನಿರ್ಧರಿಸುವುದು ಬೈಟುಗಳು ಬಂದು ಇಳಿಯುವ ಅರೇ. ಫ್ಲೋಟುಗಳ ಅರೇಗೆ ಇಳಿದರೆ ಫ್ಲೋಟು, ಪೂರ್ಣಾಂಕಗಳ ಅರೇಗೆ ಇಳಿದರೆ ಪೂರ್ಣಾಂಕ.

ಇದು ಆಕಸ್ಮಿಕವಲ್ಲ, ಒಂದು ತೀರ್ಮಾನದ ಫಲ. 1970ರ ಆಸುಪಾಸಿನಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯೂನಿಕ್ಸ್ ಕಟ್ಟುವಾಗ, ಫೈಲ್ ಎಂದರೆ ಬೈಟುಗಳ ಸಾಲು, ಅಷ್ಟೇ ಎಂದು ನಿಶ್ಚಯಿಸಿದರು. ಅದಕ್ಕೆ ಮುಂಚಿನ ದೊಡ್ಡ ಕಂಪ್ಯೂಟರುಗಳಲ್ಲಿ ಫೈಲಿನ ಒಳರಚನೆಯನ್ನು, ಒಂದೊಂದು ದಾಖಲೆಯ ಉದ್ದ ಅಗಲವನ್ನು ಕಾರ್ಯವ್ಯವಸ್ಥೆಯೇ ನೆನಪಿಟ್ಟುಕೊಳ್ಳುತ್ತಿತ್ತು. ಯೂನಿಕ್ಸ್ ಆ ನೆನಪನ್ನು ಕಳಚಿಹಾಕಿತು. ರಿಚಿ ರೂಪಿಸಿದ ಸಿ ಭಾಷೆ ಆ ನಿರ್ಮೋಹವನ್ನು ಹಾಗೇ ಮುಂದುವರಿಸಿತು. ಫೈಲಿಗೆ ತನ್ನ ಅರ್ಥ ತನಗೆ ಗೊತ್ತಿಲ್ಲ.

ವಿಂಡೋಸ್‌ನಲ್ಲಿ ಬೈನರಿ ಎಂದು ಹೇಳದೆ ಫೈಲ್ ತೆರೆದರೆ ಇನ್ನೊಂದು ಬಗೆಯ ಮೋಸ ಕಾದಿರುತ್ತದೆ. 13 ಮತ್ತು 10 ಜೋಡಿಯಾಗಿ ಬಂದರೆ ಅದು ‘ಹೊಸ ಸಾಲು’ ಎಂದು ಭಾವಿಸಿ 13 ಅನ್ನು ನುಂಗುತ್ತದೆ, 26 ಕಂಡರೆ ಫೈಲ್ ಮುಗಿಯಿತು ಎಂದು ನಿಲ್ಲುತ್ತದೆ. ಉಷ್ಣಾಂಶದ ಅಂಕಿಗಳ ನಡುವೆ ಎಲ್ಲೋ 26 ಇದ್ದರೆ ಅಲ್ಲಿಗೆ ಓದು ಬಂದ್. ಬರಹದ ಕಣ್ಣಿನಿಂದ ಸಂಖ್ಯೆಯನ್ನು ನೋಡಿದ ತಪ್ಪಿಗೆ ದಂಡ ಇದು.

ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧ ಎಂಥದು ಎಂದು ಮೀಮಾಂಸಕರನ್ನು ಕೇಳಿದರೆ, ಅದು ಹುಟ್ಟಿನಿಂದಲೇ ಬಂದದ್ದು, ಯಾರೂ ಮಾಡಿದ್ದಲ್ಲ, ನಿತ್ಯ ಎನ್ನುತ್ತಾರೆ. ಜೈಮಿನಿಯ ಸೂತ್ರಗಳ ಮೊದಲ ಪಾದದಲ್ಲೇ ಈ ನಿಲುವು ಬರುತ್ತದೆ, ವೇದ ಅಪೌರುಷೇಯ ಎಂಬ ಅವರ ಇಡೀ ವಾದ ನಿಂತಿರುವುದು ಇದರ ಮೇಲೆ. ನೈಯಾಯಿಕರು ಒಪ್ಪುವುದಿಲ್ಲ. ಅಗ್ನಿ ಎಂದರೆ ನಾಲಿಗೆ ಸುಡುವುದಿಲ್ಲವಲ್ಲ! ಆ ಶಬ್ದಕ್ಕೆ ಈ ಅರ್ಥ ಎಂಬುದು ಸಮಯ, ಸಂಕೇತ, ಒಪ್ಪಂದ ಮಾತ್ರ ಎಂಬುದು ಗೌತಮನ ನ್ಯಾಯಸೂತ್ರದ ಪಕ್ಷ. ವೇದದ ಬಗ್ಗೆ ಯಾರು ಗೆದ್ದರು ಎಂಬುದನ್ನು ಪಂಡಿತರಿಗೆ ಬಿಡೋಣ. ಬೈಟಿನ ಅಂಗಳದಲ್ಲಂತೂ ನೈಯಾಯಿಕರದೇ ಗೆಲುವು. 0, 0, 128, 63 ಎಂಬ ಸಾಲು 1.0 ಆಗುವುದು 1985ರಲ್ಲಿ ಐಇಇಇ ಸಂಸ್ಥೆ 754ನೆಯ ಸಂಖ್ಯೆಯ ಮಾನಕವನ್ನು ಪ್ರಕಟಿಸಿ, ಚಿಹ್ನೆಗೆ ಒಂದು ಬಿಟ್, ಘಾತಕ್ಕೆ ಎಂಟು, ಉಳಿದ ಭಾಗಕ್ಕೆ ಇಪ್ಪತ್ತಮೂರು ಎಂದು ಹಂಚಿಕೊಟ್ಟಿದ್ದರಿಂದ. ಅದಕ್ಕೆ ಮೊದಲು ಒಬ್ಬೊಬ್ಬ ತಯಾರಕನದು ಒಂದೊಂದು ಹಂಚಿಕೆ ಇತ್ತು.

ಒಪ್ಪಂದ ಎಂದ ಮೇಲೆ ಪಂಗಡಗಳೂ ಇರಲೇಬೇಕು. ನಾಲ್ಕು ಬೈಟಿನ ಸಂಖ್ಯೆಯನ್ನು ದೊಡ್ಡ ತುದಿಯಿಂದ ಬರೆಯಬೇಕೋ ಚಿಕ್ಕ ತುದಿಯಿಂದಲೋ ಎಂಬ ಜಗಳ ಎಷ್ಟು ಬಿಸಿಯಾಗಿತ್ತೆಂದರೆ, ಡ್ಯಾನಿ ಕೋಹೆನ್ ಎಂಬ ಕಂಪ್ಯೂಟರ್ ವಿಜ್ಞಾನಿ 1980ರ ಏಪ್ರಿಲ್ 1ರಂದು ಒಂದು ಟಿಪ್ಪಣಿ ಬರೆದು, ಶೀರ್ಷಿಕೆಯಲ್ಲೇ ಅದನ್ನು ಧರ್ಮಯುದ್ಧವೆಂದು ಕರೆದು ಶಾಂತಿಗೆ ಮೊರೆಯಿಟ್ಟ. ಜೊನಾಥನ್ ಸ್ವಿಫ್ಟ್‌ನ ಗಲಿವರ್ ಕಥೆಯಲ್ಲಿ ಮೊಟ್ಟೆಯನ್ನು ಯಾವ ತುದಿಯಲ್ಲಿ ಒಡೆಯಬೇಕೆಂದು ಬಡಿದಾಡುವ ಪಂಗಡಗಳಿವೆಯಲ್ಲ, ಬಿಗ್ ಎಂಡಿಯನ್, ಲಿಟ್ಲ್ ಎಂಡಿಯನ್ ಎಂಬ ಹೆಸರುಗಳನ್ನು ಅವನು ತಂದದ್ದು ಅಲ್ಲಿಂದ. ಶಾಂತಿ ಇನ್ನೂ ಪೂರ್ತಿ ಆಗಿಲ್ಲ. ಇಂಟರ್ನೆಟ್ಟಿನ ಮೂಲ ನಿಯಮಗಳು ದೊಡ್ಡ ತುದಿಯವು, ಮೇಜಿನ ಮೇಲಿನ ಕಂಪ್ಯೂಟರು ಚಿಕ್ಕ ತುದಿಯದು. ಅಷ್ಟೂ ಹೊತ್ತು ನಡುವೆ ಯಾರೋ ಬೈಟುಗಳನ್ನು ತಿರುವಿ ಹಾಕುತ್ತಲೇ ಇರುತ್ತಾರೆ.

ಹಾಗಿದ್ದರೆ ಒಪ್ಪಂದವನ್ನೆಲ್ಲ ಕಳಚಿಟ್ಟು ಬೈಟನ್ನು ಬೈಟಾಗಿಯೇ ನೋಡಿದರೆ? ಸಿ ಭಾಷೆಯಲ್ಲಿ ಅದಕ್ಕೆ ಒಂದು ಕಿಂಡಿ ಇದೆ. ‘ಅನ್‌ಸೈನ್ಡ್ ಚಾರ್’ ಎಂಬ ಬಗೆಯ ಮೂಲಕ ಯಾವ ವಸ್ತುವಿನ ಬೈಟನ್ನಾದರೂ ಇಣುಕಿ ನೋಡಲು ಭಾಷೆಯ ಮಾನಕ ಅನುಮತಿ ಕೊಡುತ್ತದೆ. ವಸ್ತುವಿಗೆ ಹೊಂದದ ಬೇರೆ ಬಗೆಯಿಂದ ಹಾಗೆ ಇಣುಕಿದರೆ ಫಲಿತಾಂಶಕ್ಕೆ ಭಾಷೆ ಹೊಣೆಯಲ್ಲ. ಅದಕ್ಕೇ ಬಲ್ಲವರು ಮೊದಲು ಎಲ್ಲವನ್ನೂ ಇಂಥ ಬರಿಯ ಬೈಟುಗಳ ಅರೇಗೆ ತುಂಬಿಕೊಂಡು, ಆಮೇಲೆ ಒಂದೊಂದನ್ನೇ ಬೇಕಾದ ಬಗೆಗೆ ಪರಿವರ್ತಿಸಿಕೊಳ್ಳುತ್ತಾರೆ.

ಈ ಎರಡು ಹಂತಗಳಿಗೆ ದರ್ಶನದಲ್ಲಿ ಸಿದ್ಧ ಹೆಸರುಗಳಿವೆ: ನಿರ್ವಿಕಲ್ಪಕ ಮತ್ತು ಸವಿಕಲ್ಪಕ. ಏನೋ ಇದೆ ಎಂಬ ಬರಿಯ ಗ್ರಹಿಕೆ ಮೊದಲನೆಯದು, ಇದು ಇಂಥದು ಎಂಬ ನಿಶ್ಚಯ ಎರಡನೆಯದು. ಬೌದ್ಧ ತಾರ್ಕಿಕ ದಿಙ್ನಾಗ, ಕಲ್ಪನೆ ಬೆರೆಯದ ಮೊದಲನೆಯದು ಮಾತ್ರವೇ ನಿಜವಾದ ಪ್ರತ್ಯಕ್ಷ ಎಂದ. ಭರ್ತೃಹರಿ ಇನ್ನೊಂದು ತುದಿ, ಮಾತು ಹೆಣೆದುಕೊಳ್ಳದ ಅರಿವು ಲೋಕದಲ್ಲೇ ಇಲ್ಲ ಎಂದವನು. ಉಡುಪಿಯ ಮಧ್ವಾಚಾರ್ಯರ ಪರಂಪರೆಯೂ ನಿರ್ವಿಕಲ್ಪಕವನ್ನು ಒಪ್ಪುವುದಿಲ್ಲ. ವಿಶೇಷಣಗಳನ್ನು ಬಿಟ್ಟು ವಸ್ತುವೊಂದು ಬರಿದಾಗಿ ಕಾಣುತ್ತದೆ ಎಂಬುದೇ ಅವರಿಗೆ ಅಸಂಗತ.

ಬೈಟಿನ ವಿಷಯದಲ್ಲಿ ಸತ್ಯ ಮಧ್ವರ ಕಡೆಗೇ ವಾಲುತ್ತದೆ. ಬರಿಯ ಬೈಟು ಎಂದುಕೊಂಡದ್ದೂ ಆಗಲೇ ಒಂದು ವ್ಯಾಖ್ಯಾನ. ಡಿಸ್ಕಿನ ಮೇಲಿರುವುದು ಕಾಂತೀಯ ಸ್ಥಿತಿ, ಪೆನ್‌ಡ್ರೈವಿನಲ್ಲಿರುವುದು ಸಿಕ್ಕಿಹಾಕಿಕೊಂಡ ವಿದ್ಯುದಂಶ. ಅದನ್ನು ಸೊನ್ನೆ ಅಥವಾ ಒಂದು ಎಂದು ತೀರ್ಮಾನಿಸಿ, ತಿದ್ದಿ, ಎಂಟೆಂಟಾಗಿ ಕಟ್ಟಿ ಕೊಟ್ಟಾಗಲೇ ಬೈಟು. ಎಂಟು ಎಂಬುದೂ ದೇವರು ಕೊಟ್ಟದ್ದಲ್ಲ. ಸಿ ಮಾನಕ ಬಹುಕಾಲ ಹೇಳುತ್ತ ಬಂದದ್ದು ‘ಕನಿಷ್ಠ ಎಂಟು’ ಎಂದಷ್ಟೇ. ಒಂದು ಕಾಲದಲ್ಲಿ ವಿಶ್ವವಿದ್ಯಾಲಯಗಳ ಕಣ್ಮಣಿಯಾಗಿದ್ದ ಪಿಡಿಪಿ-10 ಯಂತ್ರದ ಪದ ಮೂವತ್ತಾರು ಬಿಟ್ಟಿನದು, ಎಂಟರಿಂದ ಭಾಗವಾಗದ್ದು.

ತಪ್ಪು ಓದು ಎಂದರೇನು ಎಂಬ ಪ್ರಶ್ನೆ ಇನ್ನೂ ಸ್ವಾರಸ್ಯದ್ದು. ಭಾರತೀಯ ದರ್ಶನದಲ್ಲಿ ಇದಕ್ಕೆ ಖ್ಯಾತಿವಾದ ಎಂಬ ಇಡೀ ವಿಭಾಗವೇ ಇದೆ. ಹಗ್ಗ ಹಾವಾಗಿ, ಕಪ್ಪೆಚಿಪ್ಪು ಬೆಳ್ಳಿಯಾಗಿ ಕಂಡಾಗ ಕಂಡದ್ದು ಏನು? ಬೇರೆಲ್ಲೋ ಇರುವ ಬೆಳ್ಳಿ ಇಲ್ಲಿ ತೋರಿತು ಎನ್ನುತ್ತಾರೆ ನೈಯಾಯಿಕರು. ಇದೆ ಎನ್ನಲೂ ಬಾರದ ಇಲ್ಲ ಎನ್ನಲೂ ಬಾರದ ಅನಿರ್ವಚನೀಯ ಎಂಬುದು ಅದ್ವೈತಿಗಳ ಮಾತು. ರಾಮಾನುಜರ ಪಕ್ಷದಲ್ಲಿ ಎಲ್ಲ ಜ್ಞಾನವೂ ಯಥಾರ್ಥವೇ, ಚಿಪ್ಪಿನಲ್ಲೂ ಬೆಳ್ಳಿಯ ಅಂಶ ಸ್ವಲ್ಪ ಇದ್ದೇ ಇದೆ. ಕಂಡ ಬೆಳ್ಳಿ ಅಲ್ಲಿ ಶುದ್ಧ ಅಸತ್ತು ಎಂದರು ಮಧ್ವರು. ಮೀಮಾಂಸಕ ಪ್ರಭಾಕರನದು ಇವೆಲ್ಲಕ್ಕಿಂತ ವಿಚಿತ್ರ ಉತ್ತರ: ತಪ್ಪು ಜ್ಞಾನ ಎಂಬುದೇ ಇಲ್ಲ. ಎದುರಿನ ಹೊಳಪಿನ ಅರಿವೂ ಸರಿ, ಬೆಳ್ಳಿಯ ನೆನಪೂ ಸರಿ. ಇವೆರಡೂ ಬೇರೆಬೇರೆ ಎಂಬುದು ಹೊಳೆಯಲಿಲ್ಲ, ಅಷ್ಟೇ.

1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕುರು ನೆಲೆಯಿಂದ ಯೂರೋಪಿನ ಏರಿಯಾನ್-5 ರಾಕೆಟ್ಟು ಮೊದಲ ಬಾರಿಗೆ ಹಾರಿತು. ಸುಮಾರು ನಲವತ್ತು ಸೆಕೆಂಡಿನಲ್ಲಿ ಚೂರುಚೂರಾಯಿತು. ನಾಲ್ಕು ಕ್ಲಸ್ಟರ್ ಉಪಗ್ರಹಗಳು ಅದರೊಂದಿಗೆ ಹೋದವು. ತನಿಖೆಯಲ್ಲಿ ಹೊರಬಿದ್ದ ಕಾರಣ ಇಂದು ಕಂಪ್ಯೂಟರ್ ಪಾಠಗಳಲ್ಲಿ ಪ್ರಸಿದ್ಧ. ಅಡ್ಡವೇಗಕ್ಕೆ ಸಂಬಂಧಿಸಿದ 64 ಬಿಟ್ಟಿನ ದಶಾಂಶ ಸಂಖ್ಯೆಯೊಂದನ್ನು 16 ಬಿಟ್ಟಿನ ಪೂರ್ಣಾಂಕಕ್ಕೆ ಇಳಿಸಲು ಹೋಗಿ, 32767ರ ಮಿತಿಯಲ್ಲಿ ಅದು ಹಿಡಿಯದೆ ಮಾರ್ಗದರ್ಶನ ಘಟಕ ಕೈಚೆಲ್ಲಿತು. ಆ ತುಣುಕು ಏರಿಯಾನ್-4ರಿಂದ ಬಂದ ಬಳುವಳಿ, ಹೊಸ ರಾಕೆಟ್ಟು ನೆಲ ಬಿಟ್ಟ ಮೇಲೆ ಅದರಿಂದ ಕೆಲಸವೇ ಇರಲಿಲ್ಲ. (ಪ್ರೋಗ್ರಾಂ ಬರೆದದ್ದು ಸಿ ಭಾಷೆಯಲ್ಲಲ್ಲ, ಏಡಾದಲ್ಲಿ. ಸಿ ಭಾಷೆಯನ್ನು ಬೈಯುವವರು ಇದನ್ನು ಗಮನಿಸಬಹುದು.)

ಪಾಠಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಮುಂದೆ ನಡೆದದ್ದೇ ಈ ಚರ್ಚೆಗೆ ಮುಖ್ಯ. ಕೈಚೆಲ್ಲಿದ ಘಟಕ ತನಗೆ ಏನಾಯಿತೆಂದು ವಿವರಿಸುವ ದೋಷಸೂಚಕ ಬಿಟ್ಟುಗಳನ್ನು ಮುಖ್ಯ ಕಂಪ್ಯೂಟರಿಗೆ ಕಳಿಸಿತು. ಮುಖ್ಯ ಕಂಪ್ಯೂಟರು ಅದನ್ನು ಹಾರಾಟದ ಮಾಹಿತಿ ಎಂದೇ ಓದಿತು. ಇಲ್ಲದ ಓಲಾಟವೊಂದು ಅದಕ್ಕೆ ಕಂಡಿತು, ಅದನ್ನು ಸರಿಪಡಿಸಲು ಎಂಜಿನ್ ನಳಿಕೆಗಳನ್ನು ಪೂರ್ತಿ ತಿರುಗಿಸಿತು. ರಾಕೆಟ್ಟು ಗಾಳಿಗೆ ಅಡ್ಡವಾಗಿ ಮುರಿಯಿತು. ಬಂದ ಬಿಟ್ಟುಗಳು ಸರಿಯಾಗಿಯೇ ಬಂದವು, ಅವುಗಳಲ್ಲಿ ಒಂದೂ ಕೆಟ್ಟಿರಲಿಲ್ಲ. ಹಾರಾಟದ ಮಾಹಿತಿ ಹೀಗಿರುತ್ತದೆ ಎಂಬ ನೆನಪೂ ಸರಿಯಾಗಿತ್ತು. ಎರಡೂ ಬೇರೆ ಎಂಬುದು ಮಾತ್ರ ಹೊಳೆಯಲಿಲ್ಲ. ಸಾವಿರದ ಮುನ್ನೂರು ವರ್ಷಗಳಷ್ಟು ಹಳೆಯ ಪ್ರಭಾಕರನ ವಾದ ದೈನಂದಿನ ಭ್ರಮೆಗಳಿಗೆ ಹೊಂದುತ್ತದೋ ಇಲ್ಲವೋ, ಏರಿಯಾನ್-5ಕ್ಕಂತೂ ಅಳತೆ ತೆಗೆದು ಹೊಲಿದ ಅಂಗಿಯಂತೆ ಕೂಡುತ್ತದೆ.

ಒಪ್ಪಂದವೇ ಕಳೆದುಹೋದರೆ ತಪ್ಪು ಓದುವ ಅವಕಾಶವೂ ಉಳಿಯುವುದಿಲ್ಲ. 1976ರಲ್ಲಿ ಮಂಗಳನ ಮೇಲಿಳಿದ ವೈಕಿಂಗ್ ನೌಕೆಗಳು ಅಲ್ಲಿನ ಮಣ್ಣಿನಲ್ಲಿ ಜೀವವಿದೆಯೇ ಎಂದು ಪ್ರಯೋಗ ಮಾಡಿದ್ದವು. 1990ರ ದಶಕದ ಕೊನೆಯಲ್ಲಿ ಜೋಸೆಫ್ ಮಿಲ್ಲರ್ ಎಂಬ ಅಮೆರಿಕದ ನರವಿಜ್ಞಾನಿ, ಆ ಅಂಕಿಗಳಲ್ಲಿ ಜೀವಿಗಳಿಗಿರುವಂಥ ದಿನಚರಿಯ ಲಯವೇನಾದರೂ ಇದೆಯೇ ಎಂದು ನೋಡಹೊರಟರು. ನಾಸಾದ ಟೇಪುಗಳಿದ್ದವು, ಆದರೆ ಅವುಗಳ ವಿನ್ಯಾಸ ಬಲ್ಲವರು ಇರಲಿಲ್ಲ. ಮೂಲ ಪ್ರಯೋಗಕಾರರು ಇಟ್ಟುಕೊಂಡಿದ್ದ ಕಾಗದದ ಮುದ್ರಿತ ಪ್ರತಿಗಳೇ ಗತಿಯಾದವು. ಬೇರೊಂದು ಗ್ರಹದಲ್ಲಿ ಜೀವ ಉಂಟೇ ಎಂಬಷ್ಟು ದೊಡ್ಡ ಪ್ರಶ್ನೆ, ಎಷ್ಟನೆಯ ಬೈಟಿನಲ್ಲಿ ಏನಿದೆ ಎಂಬ ಒಂದು ಹಾಳೆ ಸಿಗದೆ ಕಾದು ಕೂತಿತು.

ಇದಕ್ಕೆ ಸಹಜ ಮದ್ದೆಂದರೆ ಒಪ್ಪಂದವನ್ನು ಫೈಲಿನೊಳಗೇ ಬರೆದಿಡುವುದು. ಖಗೋಳ ವಿಜ್ಞಾನಿಗಳು 1981ರಲ್ಲಿ ಪ್ರಕಟಿಸಿದ ಫಿಟ್ಸ್ ಎಂಬ ಫೈಲ್ ಬಗೆ ಹೀಗೆಯೇ ಮಾಡುತ್ತದೆ. ಆರಂಭದಲ್ಲಿ ಎಂಬತ್ತು ಅಕ್ಷರಗಳ ಸಾಲುಗಳಲ್ಲಿ ಮನುಷ್ಯರು ಓದಬಹುದಾದ ಹೆಡರ್, ಅಂಥ 36 ಸಾಲಿಗೆ 2880 ಬೈಟಿನ ಒಂದು ಕಟ್ಟು. ಮುಂದೆ ಬರುವ ಅರೇ ಎಷ್ಟು ಆಯಾಮದ್ದು, ಒಂದೊಂದು ಅಂಶ ಎಷ್ಟು ಬಿಟ್ಟಿನದು ಎಂದು ಅಲ್ಲೇ ಬರೆದಿರುತ್ತದೆ. ಅಗಲದ ಅಂಕಿಗೆ ಋಣಚಿಹ್ನೆ ಇದ್ದರೆ ದಶಾಂಶ ಸಂಖ್ಯೆ ಎಂದು ಲೆಕ್ಕ. ಬೈಟುಗಳು ಯಾವಾಗಲೂ ದೊಡ್ಡ ತುದಿಯಿಂದ, ವಾದಕ್ಕೆ ಜಾಗವಿಲ್ಲ. ಒಮ್ಮೆ ಸರಿಯಾಗಿದ್ದ ಫಿಟ್ಸ್ ಫೈಲನ್ನು ಮುಂದಿನ ಯಾವ ಆವೃತ್ತಿಯೂ ತಪ್ಪೆಂದು ಸಾರುವಂತಿಲ್ಲ ಎಂಬ ವ್ರತವನ್ನೂ ಅದರ ಪಾಲಕರು ಹಿಡಿದಿದ್ದಾರೆ. 2015ರ ಸೆಪ್ಟೆಂಬರಿನಲ್ಲಿ ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್ ವೇಧಶಾಲೆಯ ಅಂಕಿಅಂಶಗಳು ಬೆಂಗಳೂರಿನ ಬಳಿಯ ಬ್ಯಾಲಾಳಿನ ದತ್ತಾಂಶ ಕೇಂದ್ರದಿಂದ ಸಂಶೋಧಕರಿಗೆ ಸಿಗುವುದು ಇದೇ ರೂಪದಲ್ಲಿ. ನಕ್ಷತ್ರಗಳಿಗೆ ಸಂಬಂಧವೇ ಇಲ್ಲದ ಇನ್ನೊಂದು ಸಂಸ್ಥೆಯೂ ಇದನ್ನು ಆರಿಸಿಕೊಂಡಿದೆ. ಅದು ವ್ಯಾಟಿಕನ್ ಗ್ರಂಥಾಲಯ, ತನ್ನ ಪ್ರಾಚೀನ ಹಸ್ತಪ್ರತಿಗಳ ಡಿಜಿಟಲ್ ಪ್ರತಿಗಳನ್ನು ಬಹುಕಾಲ ಕಾಪಾಡಲು.

ಹೆಡರ್ ಅರೇಯನ್ನು ವಿವರಿಸುತ್ತದೆ ಸರಿ, ಹೆಡರನ್ನು ವಿವರಿಸುವುದು ಯಾವುದು? ಅದು ಆಸ್ಕಿ ಅಕ್ಷರ, ಇಂಗ್ಲಿಷ್ ಮಾತು ಎಂದು ಓದುಗನಿಗೆ ಮೊದಲೇ ಗೊತ್ತಿರಬೇಕು. ಆ ತಿಳಿವಳಿಕೆಗೆ ಇನ್ನೊಂದು ಹೆಡರ್ ಬರೆದರೆ ಅದಕ್ಕೂ ಮತ್ತೊಂದು ಬೇಕು. ತಾರ್ಕಿಕರು ಇದನ್ನು ಅನವಸ್ಥಾ ದೋಷ ಎನ್ನುತ್ತಾರೆ, ನಿಲ್ಲಲು ನೆಲ ಸಿಗದ ಮೆಟ್ಟಿಲು. ಅದು ನಿಲ್ಲುವುದು ಫೈಲಿನೊಳಗಲ್ಲ, ಓದಲು ಕಲಿತ ಜನರ ಪರಂಪರೆಯಲ್ಲಿ. ಪರಂಪರೆ ಮುರಿಯಬಾರದು ಎಂದು ಮೀಮಾಂಸಕರು ಅಷ್ಟೊಂದು ಹಟ ಹಿಡಿದದ್ದರ ಹಿಂದೆ ಇದ್ದ ಆತಂಕ ಎಂಥದಿರಬಹುದು ಎಂಬುದಕ್ಕೆ ವೈಕಿಂಗ್ ಟೇಪು ಸಾಕು. ಸಂಬಂಧ ನಿತ್ಯ ಎಂಬ ಅವರ ಮಾತನ್ನು ಒಪ್ಪಲಾಗದು, ಆತಂಕವನ್ನು ತಳ್ಳಿಹಾಕಲೂ ಆಗದು.

ಇಷ್ಟೂ ಹೊತ್ತು ಓದಿನ ಮಾತಾಯಿತು. ಹುಡುಕಾಟದ ಕಥೆ ಬೇರೆ, ಅಪಾಯ ಹೆಚ್ಚು. ಗೊತ್ತಿಲ್ಲದ ಫೈಲಿನಲ್ಲಿ ಒಂದು ಅರೇ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯಲು, ಪರಿಚಿತ ಬೈಟುಗಳ ಗುರುತೊಂದನ್ನು ಹಿಡಿದು ಆದಿಯಿಂದ ಅಂತ್ಯದವರೆಗೆ ತಡಕುವುದು ವಾಡಿಕೆ. ಬರಹದಲ್ಲಿ ಹುಡುಕಲು ಸಿ ಭಾಷೆ ಕೊಡುವ ಸಾಧನ ಇಲ್ಲಿ ನಡೆಯದು, ಸೊನ್ನೆ ಕಂಡ ಕೂಡಲೇ ಅದು ನಿಂತುಬಿಡುತ್ತದೆ. ಒಂದೊಂದೇ ಬೈಟು ಸರಿಯುತ್ತ ಹೋಲಿಸಬೇಕು. ಈಗ ಫೈಲೊಂದರಲ್ಲಿ 5 ಮತ್ತು 16256 ಎಂಬ ಎರಡು ಪೂರ್ಣಾಂಕಗಳು ಅಕ್ಕಪಕ್ಕ ಇವೆ ಎನ್ನೋಣ. ಚಿಕ್ಕ ತುದಿಯ ಕ್ರಮದಲ್ಲಿ ಬೈಟುಗಳು ಹೀಗೆ: 5, 0, 0, 0, 128, 63, 0, 0. ಮೊದಲೆರಡನ್ನು ಬಿಟ್ಟು ನೋಡಿ, 0, 0, 128, 63 ಸಿಕ್ಕಿತು! ಅದೇ 1.0. ಅದನ್ನು ಅಲ್ಲಿ ಯಾರೂ ಬರೆದಿಲ್ಲ, ಬರೆಯುವ ಉದ್ದೇಶವೂ ಇರಲಿಲ್ಲ. ಒಂದರ ಬಾಲವೂ ಇನ್ನೊಂದರ ತಲೆಯೂ ಸೇರಿ ಮೂರನೆಯದು ಕಂಡಿದೆ. ನಾಲ್ಕರಿಂದ ಭಾಗವಾಗುವ ಜಾಗದಲ್ಲಿ ಮಾತ್ರ ನೋಡು ಎಂಬ ನಿಯಮ ಇದ್ದಿದ್ದರೆ ಕಾಣುತ್ತಿರಲಿಲ್ಲ.

ಲೆಕ್ಕವೂ ಹುಡುಕುವವನಿಗೆ ಎಚ್ಚರಿಕೆ ಹೇಳುತ್ತದೆ. ಎರಡು ಬೈಟಿನ ಗುರುತು 65,536 ಬಗೆಯಲ್ಲಿ ಒಂದು, ಆದ್ದರಿಂದ ಹತ್ತು ಲಕ್ಷ ಬೈಟಿನ ಅಡ್ಡಾದಿಡ್ಡಿ ಫೈಲಿನಲ್ಲಿ ಅದು ಸುಮ್ಮಸುಮ್ಮನೆ ಹದಿನೈದು ಸಲ ಸಿಗುತ್ತದೆ. ನಾಲ್ಕು ಬೈಟಿನದಾದರೆ ಸುಮಾರು 430 ಕೋಟಿ ಜಾಗಗಳಿಗೊಮ್ಮೆ. ಪಿಎನ್‌ಜಿ ಚಿತ್ರಗಳ ಫೈಲು ಎಂಟು ಬೈಟಿನ ಗುರುತಿನಿಂದ ಶುರುವಾಗುತ್ತದೆ: 137, 80, 78, 71, 13, 10, 26, 10. ಮೊದಲ ಬೈಟು ಆಸ್ಕಿಯಲ್ಲಿಲ್ಲದ್ದು, ಫೈಲನ್ನು ಬರಹವೆಂದು ಯಾರೂ ತಪ್ಪು ತಿಳಿಯದಿರಲಿ ಎಂದು. ನಂತರದ ಮೂರು ಹೆಸರಿನ ಅಕ್ಷರಗಳು. ಅದರ ಮುಂದೆ ಮೇಲೆ ಹೇಳಿದ ಅದೇ 13, 10 ಮತ್ತು 26! ದಾರಿಯಲ್ಲಿ ಯಾರಾದರೂ ಇದನ್ನು ಬರಹದ ಫೈಲೆಂದು ಬಗೆದು ಹೊಸಸಾಲುಗಳನ್ನು ಕೆಡಿಸಿದ್ದರೆ ಗುರುತಿನಲ್ಲೇ ಗಾಯ ಕಾಣಲಿ ಎಂಬ ಉಪಾಯ. ತನ್ನ ಮೇಲೆ ಆಗಬಹುದಾದ ಅಪಚಾರವನ್ನು ಮುಂದಾಗಿ ಊಹಿಸಿ ಹೆಸರಿನಲ್ಲೇ ಕಟ್ಟಿಕೊಂಡ ಇಂಥ ಜಾಣ ಸಹಿ ಬೇರೆ ಕಡೆ ಅಪರೂಪ.

ಹುಡುಕುವವನಿಗೆ ಹೆಜ್ಜೆಯ ಸ್ವಾತಂತ್ರ್ಯವನ್ನೂ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಬೈಬಲ್ ಸಂಕೇತದ ಪ್ರಕರಣವೇ ಸಾಕ್ಷಿ. 1994ರಲ್ಲಿ ಡೊರಾನ್ ವಿಟ್ಜ್ಟಮ್, ಎಲಿಯಾಹು ರಿಪ್ಸ್, ಯೋವ್ ರೋಸೆನ್‌ಬರ್ಗ್ ಎಂಬ ಮೂವರು ‘ಸ್ಟ್ಯಾಟಿಸ್ಟಿಕಲ್ ಸೈನ್ಸ್’ ಎಂಬ ಗಂಭೀರ ಪತ್ರಿಕೆಯಲ್ಲಿ ಲೇಖನ ಬರೆದರು. ಹೀಬ್ರೂ ಜೆನೆಸಿಸ್ ಗ್ರಂಥದ 78,064 ಅಕ್ಷರಗಳನ್ನು ಒಂದೇ ಅರೇ ಎಂದುಕೊಂಡು, ಸಮಾನ ಅಂತರದಲ್ಲಿ ಅಕ್ಷರಗಳನ್ನು ಆಯುತ್ತ ಹೋದರೆ, ಗ್ರಂಥ ರಚನೆಯಾಗಿ ಎಷ್ಟೋ ಶತಮಾನಗಳ ಮೇಲೆ ಹುಟ್ಟಿದ ರಬ್ಬಿಗಳ ಹೆಸರುಗಳೂ ಅವರ ಜನನ ಮರಣದ ತಾರೀಖುಗಳೂ ಹತ್ತಿರ ಹತ್ತಿರ ಕಾಣುತ್ತವೆ ಎಂಬುದು ಅವರ ವಾದ. 1997ರಲ್ಲಿ ಪತ್ರಕರ್ತ ಮೈಕೆಲ್ ಡ್ರೊಸ್ನಿನ್ ಇದರ ಮೇಲೆ ಪುಸ್ತಕ ಬರೆದು ಲೋಕವೆಲ್ಲ ಓದುವಂತೆ ಮಾಡಿದ.

ದೇವರ ಸಹಿ ಎಂದು ಬೆರಗಾಗುವ ಮೊದಲು ಗುಣಾಕಾರ ಮಾಡುವುದು ಒಳ್ಳೆಯದು. ಐದಕ್ಷರದ ಒಂದು ಹೆಸರನ್ನು ಹುಡುಕಬೇಕು. 22 ಅಕ್ಷರಗಳ ಲಿಪಿಯಲ್ಲಿ ಐದಕ್ಷರದ ಜೋಡಣೆಗಳು ಸುಮಾರು 51.5 ಲಕ್ಷ. ಎಲ್ಲಿಂದಾದರೂ ಶುರುಮಾಡಿ, ಎಷ್ಟಾದರೂ ಅಂತರ ಹಾರುತ್ತ ಮುಂದಕ್ಕೆ ಓದಿದರೆ 78,064ರ ಸಾಲಿನಲ್ಲಿ ಸಿಗುವ ಐದಕ್ಷರದ ಸರಣಿಗಳು ಸುಮಾರು 76 ಕೋಟಿ. ಎಲ್ಲ ಅಕ್ಷರಗಳೂ ಸಮವಾಗಿ ಬರುತ್ತವೆಂದು ಬಗೆದರೆ, ಯಾವ ಹೆಸರಾದರೂ ಸುಮಾರು 150 ಸಲ ಸಿಗಬೇಕು. ಹಿಂದಕ್ಕೂ ಓದಬಹುದೆಂದರೆ ಅದರ ಇಮ್ಮಡಿ. ಮೂವರೂ ಕೇವಲ ಸಿಕ್ಕಿತೆಂದು ಹೇಳಿರಲಿಲ್ಲ, ಹತ್ತಿರದಲ್ಲಿ ಸಿಕ್ಕಿತೆಂದು ಹೇಳಿದ್ದರು. ಆ ಭಾಗಕ್ಕೆ ಉತ್ತರ 1999ರಲ್ಲಿ, ಅದೇ ಪತ್ರಿಕೆಯಲ್ಲಿ, ಬ್ರೆಂಡನ್ ಮೆಕೆ ಮತ್ತು ಸಂಗಡಿಗರಿಂದ ಬಂತು. ಒಬ್ಬ ರಬ್ಬಿಗೆ ಹತ್ತಾರು ಬಿರುದು, ಹೆಸರಿನ ರೂಪಗಳು. ಯಾವುದನ್ನು ಪಟ್ಟಿಗೆ ಸೇರಿಸಬೇಕು ಎಂಬಲ್ಲಿ ಇದ್ದ ಸಡಿಲವೇ ಫಲಿತಾಂಶಕ್ಕೆ ಸಾಕು ಎಂದು ಅವರು ತೋರಿಸಿದರು. ಟಾಲ್‌ಸ್ಟಾಯ್ ಕಾದಂಬರಿ ‘ಯುದ್ಧ ಮತ್ತು ಶಾಂತಿ’ಯ ಹೀಬ್ರೂ ಅನುವಾದದಲ್ಲೂ ಹಾಗೆಯೇ ರಬ್ಬಿಗಳನ್ನು ಕಾಣಿಸಿದರು. ‘ಮೊಬಿ ಡಿಕ್’ ಕಾದಂಬರಿಯಲ್ಲಿ ನಾಯಕರ ಹತ್ಯೆಗಳ ಭವಿಷ್ಯವನ್ನೂ ಮೆಕೆ ಹುಡುಕಿ ಕೊಟ್ಟರು.

ಕನ್ನಡಿಗರಿಗೆ ಈ ಪ್ರಶ್ನೆ ದೂರದ್ದಲ್ಲ. ಜೈನ ಮುನಿ ಕುಮುದೇಂದುವಿನ ‘ಸಿರಿಭೂವಲಯ’ದಲ್ಲಿ ಅಕ್ಷರವೇ ಇಲ್ಲ. ಇರುವುದು 27 ಸಾಲು, 27 ಕಂಬಗಳ ಚೌಕಗಳು, ಅಂದರೆ ಚಕ್ರಗಳು, ಒಂದೊಂದು ಚಕ್ರಕ್ಕೆ 729 ಮನೆ, ಮನೆಯಲ್ಲಿ 1ರಿಂದ 64ರವರೆಗಿನ ಅಂಕಿ. ಒಂಬತ್ತು ಸ್ವರಗಳು ಹ್ರಸ್ವ, ದೀರ್ಘ, ಪ್ಲುತವಾಗಿ 27, ವ್ಯಂಜನ 33, ಯೋಗವಾಹ 4, ಒಟ್ಟು 64 ಧ್ವನಿಗಳಿಗೆ ಆ ಅಂಕಿಗಳು. ಇಂದಿನ ಯೂನಿಕೋಡ್ ಫೈಲಿನಲ್ಲಿ ‘ಕ’ ಎಂಬ ಅಕ್ಷರ 224, 178, 149 ಎಂಬ ಮೂರು ಬೈಟಾಗಿ ಕೂರುವಂತೆ, ಕುಮುದೇಂದುವಿನಲ್ಲಿ ವ್ಯಂಜನಕ್ಕೊಂದು, ಸ್ವರಕ್ಕೊಂದು ಎಂದು ಎರಡು ಅಂಕಿ. ಎಡದಿಂದ ಬಲಕ್ಕೆ ಓದಿದರೆ ಏನೂ ದಕ್ಕುವುದಿಲ್ಲ. ಮನೆಯಿಂದ ಮನೆಗೆ ಜಿಗಿಯುವ ದಾರಿಯನ್ನು ‘ಬಂಧ’ ಹೇಳುತ್ತದೆ. ಯಲ್ಲಪ್ಪ ಶಾಸ್ತ್ರಿಗಳು, ಕರ್ಲಮಂಗಲಂ ಶ್ರೀಕಂಠಯ್ಯ ಮತ್ತು ಕೆ. ಅನಂತಸುಬ್ಬರಾಯರ ದುಡಿಮೆಯಿಂದ ಇದರ ಒಂದು ಭಾಗ 1953ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ಅನಂತಸುಬ್ಬರಾಯರು ಕನ್ನಡ ಬೆರಳಚ್ಚು ಯಂತ್ರಕ್ಕಾಗಿ ಹೆಸರಾದವರು. ಅಕ್ಷರಗಳಿಗೆ ಕೀಲಿಗಳನ್ನು ಹೊಂದಿಸಿದ ಮನುಷ್ಯ ಅಂಕಿಗಳಿಗೆ ಅಕ್ಷರ ಹೊಂದಿಸುವ ಕೆಲಸಕ್ಕೂ ಇಳಿದದ್ದು ಸೊಗಸಾದ ಸಂಗತಿ.

ಕುಮುದೇಂದುವಿನ ಕಾಲದ ಬಗ್ಗೆ ವಿದ್ವಾಂಸರಲ್ಲಿ ಶತಮಾನಗಳಷ್ಟು ಅಂತರದ ಭಿನ್ನಾಭಿಪ್ರಾಯವಿದೆ. ಕೃತಿಯಲ್ಲಿ 718 ಭಾಷೆಗಳು ಅಡಗಿವೆ ಎಂಬ ಪ್ರಸಿದ್ಧ ಮಾತೂ ಇದೆ. ಇದನ್ನು ಬೈಬಲ್ ಸಂಕೇತದ ಸಾಲಿಗೇ ತಳ್ಳಿಬಿಡಬಹುದೇ? ಬಾರದು, ಪೂರ್ತಿಯಾಗಿ ಬಾರದು. ಬಂಧದ ದಾರಿಯಲ್ಲಿ ಓದಿದಾಗ ಹೊಮ್ಮುವುದು ಅಲ್ಲೊಂದು ಇಲ್ಲೊಂದು ಹೆಸರಲ್ಲ, ಸಾಂಗತ್ಯ ಛಂದಸ್ಸಿನ ಕನ್ನಡ ಪದ್ಯಗಳ ಅಖಂಡ ಸಾಲು. ಒಂದೇ ನಿಯಮ ಪುಟಗಟ್ಟಲೆ ನಡೆಯಬೇಕು, ವ್ಯಾಕರಣ ಕೂಡಬೇಕು, ಗಣ ತಪ್ಪಬಾರದು. ಅಡ್ಡಾದಿಡ್ಡಿ ಅಂಕಿಗಳಲ್ಲಿ ಇಂಥದು ತಾನಾಗಿ ಬರಲಾರದು. ಇಲ್ಲಿ ಅರ್ಥವನ್ನು ಯಾರೋ ಇಟ್ಟಿದ್ದಾರೆ. ಪದ್ಯಗಳ ಮೊದಲಕ್ಷರಗಳನ್ನು ಮೇಲಿಂದ ಕೆಳಕ್ಕೆ ಕೂಡಿಸಿದರೆ ಪ್ರಾಕೃತ, ನಡುವಿನವನ್ನು ಕೂಡಿಸಿದರೆ ಸಂಸ್ಕೃತ ಎಂದು ಸಂಪಾದಕರು ತೋರಿಸುವುದಕ್ಕೂ ಇದೇ ಒರೆಗಲ್ಲು ಸಾಕು: ಅಂತರ ನಿಗದಿಯಾಗಿದೆಯೇ, ಸಿಕ್ಕಿದ್ದು ಇಡೀ ಪದ್ಯವೇ? 718ರ ಮಾತು ಬಂದಾಗ ಮಾತ್ರ ಒರೆಗಲ್ಲನ್ನು ಕೈಗೆತ್ತಿಕೊಂಡವರು ಕಡಿಮೆ. ಬಂಧ ಯಾವುದೆಂದು ಮೊದಲೇ ಹೇಳದೆ, ಸಿಕ್ಕಿದ ಪದವನ್ನು ನೋಡಿ ಆಮೇಲೆ ಬಂಧ ಹೊಸೆಯುವುದಾದರೆ ಏಳುನೂರಲ್ಲ, ಏಳು ಸಾವಿರ ಭಾಷೆಗಳೂ ಸಿಕ್ಕಾವು.

ಪರೀಕ್ಷೆ ಕಷ್ಟದ್ದೇನಲ್ಲ. 64ಕ್ಕೆ ಮೀರದ ಅಂಕಿ ಒಂದೇ ಬೈಟಿನಲ್ಲಿ ಕೂರುತ್ತದೆ, ಒಂದು ಚಕ್ರಕ್ಕೆ 729 ಬೈಟು. ಸಾವಿರ ಚಕ್ರಗಳಿದ್ದರೂ 7,29,000 ಬೈಟು, ಮೊಬೈಲಿನಲ್ಲಿ ತೆಗೆದ ಒಂದು ಫೋಟೊಗಿಂತ ಚಿಕ್ಕದು. ಎಫ್‌ಸೀಕ್‌ನಿಂದ 729ರ ಗುಣಕಕ್ಕೆ ಜಿಗಿದು ಎಫ್‌ರೀಡ್‌ನಿಂದ ಒಂದು ಚಕ್ರ ಎತ್ತಿಕೊಂಡು, ಮೊದಲೇ ಪ್ರಕಟಿಸಿದ ಬಂಧದ ದಾರಿಯಲ್ಲಿ ಓಡಿಸಿ, ಬಂದದ್ದಕ್ಕೆ ಛಂದಸ್ಸು ಕೂಡುತ್ತದೆಯೇ ಎಂದು ನೋಡಬಹುದು. ಅದೇ 64 ಅಂಕಿಗಳನ್ನು ಕಲಸಿ ಮಾಡಿದ ಹುಸಿ ಚಕ್ರಗಳ ಮೇಲೂ ಅದೇ ಬಂಧವನ್ನು ಓಡಿಸಿ ಪಕ್ಕಪಕ್ಕ ಇಡಬಹುದು. ಅಂಕಿಗಳು 1ರಿಂದ ಶುರುವಾಗುವುದರಿಂದ ಸೊನ್ನೆ ಬಿಡುವಾಗಿದೆ, ಪ್ರತಿಯಲ್ಲಿ ಅಳಿಸಿಹೋದ ಅಥವಾ ಓದಲಾಗದ ಮನೆಗೆ ಅದನ್ನು ಹಾಕಬಹುದು. ಫೈಲಿನ ಮುಂದೆ ಫಿಟ್ಸ್‌ನ ಮಾದರಿಯ ಹೆಡರ್ ಒಂದು ಬೇಕು, ಇಂಗ್ಲಿಷಿನ ಬದಲು ಕನ್ನಡದಲ್ಲೇ ಇದ್ದರೂ ನಡೆದೀತು: ಯಾವ ಪ್ರತಿಯಿಂದ ಎತ್ತಿಕೊಂಡದ್ದು, ಯಾರು ನಕಲು ಮಾಡಿದರು, ಎಷ್ಟು ಚಕ್ರ, ಯಾವ ಚಕ್ರಕ್ಕೆ ಯಾವ ಬಂಧ, ಮತ್ತು ಆ ಬಂಧವನ್ನು ಗೊತ್ತುಮಾಡಿದ್ದು ಪದ್ಯ ಸಿಗುವ ಮುಂಚೆಯೋ ಸಿಕ್ಕ ಮೇಲೆಯೋ ಎಂಬುದು.